ಪಾಠದಿಂದ ಹುಟ್ಟಬೇಕಾದ ಅರ್ಜಿ

ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಗಣಿತಗಳನ್ನು ಬೋಧಿಸುವ ಉಪಾಧ್ಯಾಯರು, ತಮಗೆ ಬಿ.ಎಡ್. ತರಗತಿಯಲ್ಲಿ ಯಾರೂ ಕಲಿಸದಿದ್ದ ಒಂದು ವಿದ್ಯೆಯನ್ನು ಈಚಿನ ವರ್ಷಗಳಲ್ಲಿ ತಾವಾಗಿಯೇ ಅಭ್ಯಾಸಮಾಡಿಕೊಳ್ಳಬೇಕಾಗಿ ಬಂದಿದೆ. ಅದು ಧನಸಹಾಯಕ್ಕಾಗಿ ಅರ್ಜಿ ಬರೆಯುವ ವಿದ್ಯೆ. ಪ್ರಯೋಗಶಾಲೆಯ ಬೀರುವಿನಲ್ಲಿ ಬೇಕಾದುದು ಇಲ್ಲದಿರುವಾಗ, ಇಲಾಖೆಯಿಂದ ಬರುವ ವಾರ್ಷಿಕ ಅನುದಾನವು ಸೀಮೆಸುಣ್ಣಕ್ಕೂ ವಿದ್ಯುತ್ತಿಗೂ ಸಣ್ಣಪುಟ್ಟ ರಿಪೇರಿಗೂ ಹಂಚಿಹೋಗುವಾಗ, ಮತ್ತು ಕಲಿಸಬೇಕೆಂಬ ಹಂಬಲವು ಉಪಾಧ್ಯಾಯರಲ್ಲಿ ಇನ್ನೂ ಜೀವಂತವಾಗಿರುವಾಗ, ಕಂಪನಿಯೊಂದರ ಬಾಗಿಲನ್ನೋ ಸರ್ಕಾರದ ಯೋಜನೆಯೊಂದರ ಬಾಗಿಲನ್ನೋ ಊರಿನ ಹಳೆಯ ವಿದ್ಯಾರ್ಥಿಗಳ ಬಾಗಿಲನ್ನೋ ತಟ್ಟುವುದರ ಹೊರತು ಬೇರೆ ದಾರಿಯಿರುವುದಿಲ್ಲ. ಇದರಲ್ಲಿ ಸಂಕೋಚಪಡಬೇಕಾದುದು ಏನೂ ಇಲ್ಲ. ವಿದ್ಯೆಗಾಗಿ ಬೇಡುವುದನ್ನು ನಮ್ಮ ಹಿರಿಯರು ಎಂದೂ ಹೀನವೆಂದು ಎಣಿಸಿದವರಲ್ಲ. ಆದರೆ ಬೇಡುವ ಕ್ರಮದಲ್ಲಿ ನಾವು ಎಡವುತ್ತಿದ್ದೇವೆ. ಅರ್ಜಿಗೆ ಉತ್ತರ ಬಾರದಿರುವುದಕ್ಕೂ, ಕೆಲವು ವೇಳೆ ಉಪಕರಣಗಳು ಬಂದೂ ನಿಷ್ಪ್ರಯೋಜಕವಾಗಿ ಉಳಿಯುವುದಕ್ಕೂ ಕಾರಣ ಬಹುಮಟ್ಟಿಗೆ ಒಂದೇ ಎಂಬುದು ನನ್ನ ಭಾವನೆ.

ಸಾಮಾನ್ಯವಾಗಿ ಇಂಥ ಅರ್ಜಿಯ ರೂಪವು ಹೇಗಿರುತ್ತದೆಂಬುದು ಓದುಗರಿಗೆ ತಿಳಿದದ್ದೇ. “ನಮ್ಮ ಶಾಲೆಯು ಗ್ರಾಮಾಂತರ ಪ್ರದೇಶದಲ್ಲಿದ್ದು, ಬಡ ರೈತ ಹಾಗೂ ಕೂಲಿಕಾರ್ಮಿಕರ ಮಕ್ಕಳು ವ್ಯಾಸಂಗ ಮಾಡುತ್ತಿದ್ದು, ವಿಜ್ಞಾನ ಮತ್ತು ಗಣಿತ ಉಪಕರಣಗಳ ತೀವ್ರ ಕೊರತೆಯಿರುವುದರಿಂದ, ಈ ಕೆಳಕಂಡ ಸಾಮಗ್ರಿಗಳನ್ನು ದಯಮಾಡಿ ಒದಗಿಸಿಕೊಡಬೇಕಾಗಿ ಪ್ರಾರ್ಥನೆ.” ಇದರ ಕೆಳಗೆ ಒಂದು ಪಟ್ಟಿ, ಆ ಪಟ್ಟಿಯು ಹೆಚ್ಚಾಗಿ ವ್ಯಾಪಾರಿಯೊಬ್ಬರ ದರಪಟ್ಟಿಯಿಂದ ಹಾಗೆಯೇ ಇಳಿಸಿದ್ದು. ಇದರಲ್ಲಿ ಸುಳ್ಳೆಂಬುದು ಒಂದು ಅಕ್ಷರವೂ ಇಲ್ಲ. ಶಾಲೆ ಗ್ರಾಮಾಂತರದಲ್ಲಿರುವುದು ನಿಜ, ಮಕ್ಕಳು ಬಡವರೆಂಬುದೂ ನಿಜ. ಆದರೆ ಈ ಮಾತನ್ನು ನಾಡಿನ ಸಾವಿರಾರು ಶಾಲೆಗಳು ಇದೇ ಪದಗಳಲ್ಲಿ ಹೇಳಬಲ್ಲವಾದ್ದರಿಂದ, ಓದುವವನ ಮನಸ್ಸಿನಲ್ಲಿ ಈ ಶಾಲೆಯ ಚಿತ್ರವಾಗಲಿ, ಇಲ್ಲಿಯ ಒಂದು ಮಗುವಿನ ಮುಖವಾಗಲಿ, ಅದು ಕಲಿಯಲಾರದೆ ನಿಂತಿರುವ ಸ್ಥಳವಾಗಲಿ ಮೂಡುವುದಿಲ್ಲ. ಕೊಡುವವನಿಗೆ ತಿಳಿಯಬೇಕಾದದ್ದು ಶಾಲೆಯಲ್ಲಿ ಏನಿಲ್ಲವೆಂಬುದಷ್ಟೇ ಅಲ್ಲ. ಆ ವಸ್ತು ಬಂದ ಮರುದಿನ ಬೆಳಗ್ಗೆ ತರಗತಿಯಲ್ಲಿ ಏನು ನಡೆಯುವುದೆಂಬುದು.

ಒಂದು ನಿದರ್ಶನವನ್ನು ವಿಸ್ತಾರವಾಗಿಯೇ ನೋಡೋಣ. ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಜೀವಕೋಶದ ಪಾಠವುಂಟು. ಈರುಳ್ಳಿಯ ಒಳಪದರದಿಂದ ತೆಳುವಾದ ಪೊರೆಯೊಂದನ್ನು ಚಿಮ್ಮಟದಿಂದ ಬಿಡಿಸಿ, ಗಾಜಿನ ಸ್ಲೈಡಿನ ಮೇಲೆ ಮಡಿಕೆ ಬೀಳದಂತೆ ನೀರಿನಲ್ಲಿ ಹರಡಿ, ಸ್ಯಾಫ್ರನಿನ್ ಬಣ್ಣದ ಒಂದು ತೊಟ್ಟನ್ನು ಹಾಕಿ, ಗಾಳಿಗುಳ್ಳೆ ಸಿಕ್ಕದಂತೆ ಕವರ್‌ಸ್ಲಿಪ್ಪನ್ನು ಓರೆಯಾಗಿ ಇಳಿಸಿ, ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡಬೇಕು. ಹಾಗೆ ನೋಡಿದಾಗ ಇಟ್ಟಿಗೆಯ ಗೋಡೆಯಂತೆ ಒಂದಕ್ಕೊಂದು ಅಂಟಿ ನಿಂತ ಕೋಣೆಗಳೂ, ಒಂದೊಂದು ಕೋಣೆಯ ಅಂಚಿನಲ್ಲಿ ಕೆಂಪೇರಿದ ಕೋಶಕೇಂದ್ರವೂ ಕಾಣುತ್ತವೆ. ಈಗ ಒಂದು ಶಾಲೆಯ ಈ ತರಗತಿಯಲ್ಲಿ 60 ಮಕ್ಕಳಿದ್ದಾರೆನ್ನಿ. ಅವಧಿ 40 ನಿಮಿಷದ್ದು. ಸೂಕ್ಷ್ಮದರ್ಶಕ ಒಂದೇ ಒಂದು. ಸ್ಲೈಡು ಮೊದಲೇ ಸಿದ್ಧವಾಗಿದ್ದು, ಒಬ್ಬರ ಹಿಂದೊಬ್ಬರು ಕ್ಷಣವೂ ತಡಮಾಡದೆ ಬಂದು ಹೋದರೂ ಒಂದು ಮಗುವಿಗೆ ಸಿಕ್ಕುವುದು 40 ಸೆಕೆಂಡು. ಒಂದು ಕಣ್ಣನ್ನು ಮುಚ್ಚಿ ಇನ್ನೊಂದು ಕಣ್ಣನ್ನು ಕೊಳವೆಗೆ ಒಗ್ಗಿಸಿಕೊಳ್ಳುವುದಕ್ಕೇ ಮೊದಲ ಬಾರಿ ನೋಡುವವನಿಗೆ ಅಷ್ಟು ಹೊತ್ತು ಬೇಕು. ಆ ಮಗು ಕಂಡದ್ದು ಕೋಶವೋ ತನ್ನ ರೆಪ್ಪೆಯ ಕೂದಲೋ ಎಂಬುದನ್ನು ನಿಶ್ಚಯಿಸುವಷ್ಟರಲ್ಲಿ ಹಿಂದಿನವನ ಕೈ ಭುಜದ ಮೇಲೆ ಬಿದ್ದಿರುತ್ತದೆ.

ಈ ಲೆಕ್ಕವನ್ನೇ ಅರ್ಜಿಯಲ್ಲಿ ಬರೆಯಬೇಕೆಂದು ನಾನು ಹೇಳುವುದು. “ನಮ್ಮಲ್ಲಿ ಒಂದು ಸೂಕ್ಷ್ಮದರ್ಶಕವಿದೆ, ಇದರಿಂದ ಒಂದು ಮಗುವಿಗೆ 40 ಸೆಕೆಂಡು ದೊರೆಯುತ್ತದೆ. ಹತ್ತು ಸೂಕ್ಷ್ಮದರ್ಶಕಗಳಿದ್ದರೆ ಆರಾರು ಮಕ್ಕಳ ಗುಂಪುಗಳಾಗಿ, ಪ್ರತಿಯೊಬ್ಬರೂ ಆರು ನಿಮಿಷಕ್ಕೂ ಮಿಕ್ಕಿ ನೋಡಬಹುದು, ಸ್ಲೈಡನ್ನು ತಮ್ಮ ಕೈಯಿಂದಲೇ ಸಿದ್ಧಪಡಿಸಬಹುದು, ಕಂಡದ್ದನ್ನು ಚಿತ್ರಿಸಬಹುದು. ಇದೇ ಉಪಕರಣವು ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೂ, ಹತ್ತನೆಯ ತರಗತಿಯಲ್ಲಿ ಎಲೆಯ ಪತ್ರರಂಧ್ರಗಳನ್ನು ನೋಡುವುದಕ್ಕೂ ಒದಗುತ್ತದೆ.” ಇಷ್ಟು ಬರೆದಲ್ಲಿ ಬಡತನವನ್ನು ಕುರಿತು ಬೇರೆ ಮಾತು ಬೇಕಾಗುವುದಿಲ್ಲ. ಓದುವ ಅಧಿಕಾರಿ ವಿಜ್ಞಾನವನ್ನು ಮರೆತು ಮೂವತ್ತು ವರ್ಷವಾಗಿದ್ದರೂ 40 ಸೆಕೆಂಡೆಂಬುದು ಅವನಿಗೆ ಅರ್ಥವಾಗುತ್ತದೆ. ಅದಕ್ಕಿಂತ ಮುಖ್ಯವಾದುದೆಂದರೆ, ಹೀಗೆ ಬರೆಯುವುದಕ್ಕಾಗಿ ಉಪಾಧ್ಯಾಯರು ತಮ್ಮ ಪಾಠವನ್ನು ಮೊದಲು ಮನಸ್ಸಿನಲ್ಲಿ ನಡೆಸಿ ನೋಡಿರಬೇಕಾಗುತ್ತದೆ: ಎಷ್ಟು ಗುಂಪು, ಎಷ್ಟು ಮೇಜು, ಕಿಟಕಿಯ ಬೆಳಕು ಯಾವ ಕಡೆಯಿಂದ ಬರುತ್ತದೆ, ನೀರು ಎಲ್ಲಿದೆ. ಅರ್ಜಿಯು ಪಾಠದಿಂದ ಹುಟ್ಟಿದ್ದಾದರೆ ವಸ್ತುವು ಬಂದ ದಿನ ಅದರ ಸ್ಥಾನ ಸಿದ್ಧವಾಗಿರುತ್ತದೆ. ದರಪಟ್ಟಿಯಿಂದ ಹುಟ್ಟಿದ್ದಾದರೆ ಪೆಟ್ಟಿಗೆಯನ್ನು ಎಲ್ಲಿಡುವುದೆಂಬ ಪ್ರಶ್ನೆಯೇ ಮೊದಲು ಏಳುತ್ತದೆ.

ಗಣಿತದ ವಿಷಯದಲ್ಲಂತೂ ಈ ವಿಚಾರವು ಇನ್ನೂ ಅಗತ್ಯವಾದುದು. ಏಕೆಂದರೆ ಗಣಿತಕ್ಕೆ ಉಪಕರಣವೇ ಬೇಡವೆಂಬ ಭಾವನೆ ಕೊಡುವವರಲ್ಲಿಯೂ ಕೇಳುವವರಲ್ಲಿಯೂ ಬೇರೂರಿದೆ. ಹತ್ತನೆಯ ತರಗತಿಯ ತ್ರಿಕೋನಮಿತಿಯಲ್ಲಿ ಉನ್ನತ ಕೋನವೆಂಬ ಮಾತು ಬರುತ್ತದೆ. ಗೋಪುರದ ಎತ್ತರ, ಗಾಳಿಪಟದ ದಾರ ಎಂದು ಲೆಕ್ಕಗಳು ಬರುತ್ತವೆ. ಮಕ್ಕಳು ಅವನ್ನು ಕಾಗದದ ಮೇಲೆಯೇ ಬಿಡಿಸಿ ಮುಗಿಸುತ್ತಾರೆ. ಒಂದು ಕೋನಮಾಪಕ, ಅದರ ನೇರ ಅಂಚಿಗೆ ಅಂಟಿಸಿದ ಒಂದು ಕೊಳವೆ, ನಡುಬಿಂದುವಿನಿಂದ ಇಳಿಬಿಟ್ಟ ದಾರಕ್ಕೆ ಕಟ್ಟಿದ ಒಂದು ಕಲ್ಲು: ಇಷ್ಟಿದ್ದರೆ ಶಾಲೆಯ ಅಂಗಳದಲ್ಲಿಯೇ ಧ್ವಜಸ್ತಂಭದ ಎತ್ತರವನ್ನು ಅಳೆಯಬಹುದು. ಸ್ತಂಭದ ತುದಿಯು 45 ಡಿಗ್ರಿಯಲ್ಲಿ ಕಾಣುವ ತನಕ ಹಿಂದೆ ಹಿಂದೆ ಸರಿದು ನಿಂತ ಹುಡುಗಿಯು, ತಾನು ನಿಂತ ಸ್ಥಳದಿಂದ ಬುಡದವರೆಗಿನ ದೂರಕ್ಕೆ ತನ್ನ ಕಣ್ಣಿನ ಎತ್ತರವನ್ನು ಕೂಡಿಸಿದಳೆಂದರೆ ಸ್ತಂಭದ ಎತ್ತರ ಸಿಕ್ಕಿತು. ಕಣ್ಣಿನ ಎತ್ತರವನ್ನು ಕೂಡಿಸಬೇಕೆಂಬುದು ಪುಸ್ತಕದ ಲೆಕ್ಕದಲ್ಲಿ ಎಷ್ಟೋ ಮಕ್ಕಳಿಗೆ ಹೊಳೆಯುವುದೇ ಇಲ್ಲ. ಅಂಗಳದಲ್ಲಿ ಅದನ್ನು ಮರೆಯುವುದಕ್ಕಾಗದು. ಇದಕ್ಕೆಲ್ಲ ಕೊಳ್ಳಬೇಕಾದದ್ದು ಕೆಲವು ಉದ್ದದ ಅಳತೆಪಟ್ಟಿಗಳು ಮಾತ್ರ. ಹಾಗೆಯೇ ಒಂದೇ ಪಾದ ಒಂದೇ ಎತ್ತರವುಳ್ಳ ಶಂಕುವಿನಿಂದ ಸಿಲಿಂಡರಿಗೆ ಮರಳನ್ನು ಮೂರು ಸಲ ಸುರಿದು ತುಂಬಿಸಿದ ಮಗುವಿಗೆ ಆ ಸೂತ್ರದಲ್ಲಿಯ ಮೂರನೆಯ ಒಂದು ಭಾಗವು ಎಲ್ಲಿಂದ ಬಂದಿತೆಂದು ಯಾರೂ ಬೋಧಿಸಬೇಕಾಗಿಲ್ಲ. ವಿಜ್ಞಾನಕ್ಕೆಂದು ಬರೆಯುವ ಪ್ರತಿಯೊಂದು ಅರ್ಜಿಯಲ್ಲಿಯೂ ಗಣಿತಕ್ಕೆ ಒಂದು ಪಾಲನ್ನು ಸೇರಿಸಬೇಕೆಂಬುದು ನನ್ನ ಆಗ್ರಹಪೂರ್ವಕವಾದ ಸಲಹೆ. ವೆಚ್ಚವು ಅತ್ಯಲ್ಪ, ಫಲವು ಬಹಳ.

ಇನ್ನು ಹಣವು ಎಲ್ಲಿದೆಯೆಂಬ ಪ್ರಶ್ನೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಕ್ಕಳ ಸಂಖ್ಯೆಗನುಸಾರವಾಗಿ ವರ್ಷಕ್ಕೆ 10,000 ರೂಪಾಯಿಗಳಿಂದ 1 ಲಕ್ಷದವರೆಗೆ ಶಾಲಾ ಅನುದಾನವುಂಟು; ಇದು ಎಲ್ಲಕ್ಕೂ ಸೇರಿದ ಹಣವಾದ್ದರಿಂದ ಇದರಿಂದ ಉಪಕರಣಗಳಿಗೆ ಹೆಚ್ಚು ಉಳಿಯದು. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಮಗುವಿನ ಸ್ವಂತ ಕಲ್ಪನೆಯೊಂದು ಆಯ್ಕೆಯಾದರೆ ಮಾದರಿಯನ್ನು ಮಾಡುವುದಕ್ಕಾಗಿ 10,000 ರೂಪಾಯಿ ಆ ಮಗುವಿನ ಬ್ಯಾಂಕ್ ಖಾತೆಗೇ ಬರುತ್ತದೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಪ್ರಯೋಗಾಲಯವು ದೊಡ್ಡ ಮೊತ್ತದ್ದು: 2016ರಲ್ಲಿ ಮೊದಲಾದ ಈ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿದ್ದರು, ಸ್ಥಾಪನೆಗೆ 10 ಲಕ್ಷ, ಐದು ವರ್ಷದ ನಿರ್ವಹಣೆಗೆ 10 ಲಕ್ಷ. ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಪ್ರಯೋಗಾಲಯಗಳನ್ನು ಐದು ವರ್ಷಗಳಲ್ಲಿ ತೆರೆಯುವುದಾಗಿ 2025ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿಸಿದ್ದಾರೆ. ಆದರೆ ಇದಕ್ಕೆ 1,500 ಚದರಡಿಯ ಸ್ಥಳವನ್ನು ಕೇಳುತ್ತಿದ್ದರೆಂಬುದನ್ನೂ, ಅಲ್ಲಿ ಬರುವ ಮೂರು ಆಯಾಮದ ಮುದ್ರಣಯಂತ್ರ ಮೊದಲಾದವು ಈರುಳ್ಳಿಯ ಪೊರೆಯನ್ನಾಗಲಿ ಓಮನ ನಿಯಮವನ್ನಾಗಲಿ ಕಲಿಸುವುದಕ್ಕೆಂದು ಬಂದವಲ್ಲವೆಂಬುದನ್ನೂ ಉಪಾಧ್ಯಾಯರು ಗಮನಿಸಬೇಕು. ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿಗಳು ಹೆಚ್ಚಾಗಿ ಕಟ್ಟಡದಂಥ ಸ್ಥಿರ ಆಸ್ತಿಗೆ ಹೋಗತಕ್ಕವು. ಪ್ರಯೋಗಶಾಲೆಯ ಕೋಣೆಗೆ ಕೇಳಬಹುದು. ಕೇಂದ್ರ ಸರ್ಕಾರದ ವಿದ್ಯಾಂಜಲಿ ಜಾಲತಾಣದಲ್ಲಿ ಶಾಲೆಯು ತನ್ನ ಅಗತ್ಯವನ್ನು ತಾನೇ ಪ್ರಕಟಿಸಿ ದಾನಿಗಳನ್ನು ಕಾಯಬಹುದು.

ಇವೆಲ್ಲಕ್ಕಿಂತ ನಮ್ಮ ಉಪಾಧ್ಯಾಯರು ಚೆನ್ನಾಗಿ ತಿಳಿಯಬೇಕಾದದ್ದು ಸಿಎಸ್‌ಆರ್ ಎಂದು ಎಲ್ಲರೂ ಕರೆಯುವ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು. 2013ರ ಕಂಪನಿಗಳ ಕಾಯಿದೆಯ 135ನೆಯ ಪ್ರಕರಣದ ಮೇರೆಗೆ, 500 ಕೋಟಿ ರೂಪಾಯಿಯ ನಿವ್ವಳ ಸಂಪತ್ತನ್ನೋ 1,000 ಕೋಟಿಯ ವಹಿವಾಟನ್ನೋ 5 ಕೋಟಿಯ ನಿವ್ವಳ ಲಾಭವನ್ನೋ ಮುಟ್ಟಿದ ಕಂಪನಿಯು, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡ 2ಕ್ಕೆ ಕಡಮೆಯಿಲ್ಲದಷ್ಟನ್ನು ಲೋಕಹಿತದ ಕಾರ್ಯಗಳಿಗೆ ವೆಚ್ಚಮಾಡತಕ್ಕದ್ದು. ಆ ಕಾರ್ಯಗಳ ಅನುಸೂಚಿಯಲ್ಲಿ ಶಿಕ್ಷಣವು ಸ್ಪಷ್ಟವಾಗಿ ಸೇರಿದೆ. ಅದೇ ಪ್ರಕರಣದಲ್ಲಿ, ಕಂಪನಿಯು ತಾನು ಕೆಲಸಮಾಡುವ ಸ್ಥಳ ಮತ್ತು ಅದರ ಸುತ್ತಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂಬ ಮಾತೂ ಇದೆ. ದೂರದ ಮಹಾನಗರದ ಪ್ರಸಿದ್ಧ ಸಂಸ್ಥೆಗೆ ಬರೆದು ಕಾಯುವ ಬದಲು, ತಮ್ಮ ತಾಲ್ಲೂಕಿನಲ್ಲಿಯೇ ಇರುವ ಸಿಮೆಂಟು, ಸಕ್ಕರೆ, ಉಕ್ಕು, ಗಾಳಿವಿದ್ಯುತ್ತಿನ ಕಾರ್ಖಾನೆಯನ್ನು ಮೊದಲು ವಿಚಾರಿಸುವುದು ವಿವೇಕ. ಶಾಲೆಯ ಕಿಟಕಿಯಿಂದ ಯಾವ ಕಾರ್ಖಾನೆಯ ಚಿಮಣಿ ಕಾಣುವುದೋ, ಯಾವ ಕಾರ್ಖಾನೆಯ ಕಾರ್ಮಿಕರ ಮಕ್ಕಳು ಬೆಂಚಿನ ಮೇಲೆ ಕುಳಿತಿರುವರೋ, ಆ ಕಾರ್ಖಾನೆಗೆ ಬರೆಯುವ ಅರ್ಜಿಯಲ್ಲಿ ಶಾಲೆಗೂ ಕಾರ್ಖಾನೆಗೂ ಇರುವ ದೂರವನ್ನು ಕಿಲೋಮೀಟರಿನಲ್ಲಿ ನಮೂದಿಸಬೇಕು. ಕಾಲವನ್ನೂ ನೋಡಿಕೊಳ್ಳಬೇಕು. ಕಂಪನಿಯ ವರ್ಷವು ಏಪ್ರಿಲ್ ಒಂದರಂದು ಮೊದಲಾಗುತ್ತದೆ. ವಾರ್ಷಿಕ ಕಾರ್ಯಯೋಜನೆಯನ್ನು ಅವರ ಸಮಿತಿಯು ಸಿದ್ಧಪಡಿಸುವ ಹೊತ್ತಿಗೆ ನಿಮ್ಮ ಕಾಗದವು ಅವರ ಮುಂದಿರಬೇಕಾದರೆ ಚಳಿಗಾಲದಲ್ಲಿಯೇ ಅದು ಬರೆದು ಮುಗಿದಿರಬೇಕು. ಶಾಲೆ ತೆರೆದ ಜೂನಿನಲ್ಲಿ ನೆನಪಾಗಿ ಬರೆದ ಅರ್ಜಿಗೆ ಹಣವು ಹಂಚಿಹೋಗಿದೆಯೆಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಕಂಪನಿಯು ಈ ಕಾರ್ಯವನ್ನು ತಾನೇ ನೇರವಾಗಿ ಮಾಡಬಹುದು, ಅಥವಾ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡ ಸ್ವಯಂಸೇವಾ ಸಂಸ್ಥೆಯ ಮೂಲಕ ಮಾಡಿಸಬಹುದು. ಆದ್ದರಿಂದ ನಗದಿಗಿಂತ ಉಪಕರಣವನ್ನೇ ಕೊಂಡುಕೊಡಿರೆಂದು ಕೇಳುವುದು ಸಣ್ಣ ಶಾಲೆಗೆ ಎಷ್ಟೋ ವೇಳೆ ಸುಲಭವಾಗುತ್ತದೆ.

ಅರ್ಜಿಯ ಜೊತೆಗೆ ಇರಬೇಕಾದ ಕಾಗದಪತ್ರಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಶಾಲೆಯ ಹನ್ನೊಂದು ಅಂಕೆಯ ಯುಡೈಸ್ ಸಂಖ್ಯೆ, ತರಗತಿವಾರು ಮಕ್ಕಳ ಸಂಖ್ಯೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ನಡಾವಳಿಯ ಪ್ರತಿ, ಬೇರೆ ಬೇರೆ ಅಂಗಡಿಗಳಿಂದ ತರಿಸಿದ ಮೂರು ಕೊಟೇಶನ್ನುಗಳು, ಈಗಿರುವ ಪ್ರಯೋಗಶಾಲೆಯ ಎರಡು ಛಾಯಾಚಿತ್ರಗಳು, ಮುಖ್ಯೋಪಾಧ್ಯಾಯರ ಸಹಿ ಮೊಹರು: ಇವು ಸಿದ್ಧವಾಗಿರಲಿ. ಇವುಗಳಲ್ಲಿ ನಡಾವಳಿಯನ್ನು ಮಾತ್ರ ಬರಿಯ ಶಾಸ್ತ್ರಕ್ಕೆಂದು ಬರೆಸದೆ, ಸಮಿತಿಯ ಸದಸ್ಯರನ್ನು ನಿಜವಾಗಿಯೂ ಕೂಡಿಸಿ, ಆ ಸೂಕ್ಷ್ಮದರ್ಶಕದಲ್ಲಿ ಅವರೂ ಒಮ್ಮೆ ನೋಡುವಂತೆ ಮಾಡಿ ಬರೆಸಿದರೆ, ಮುಂದೆ ಕೋಣೆಗೆ ಬೀಗ ಬೇಕಾದಾಗ, ಮೇಜಿಗೆ ಬಡಗಿ ಬೇಕಾದಾಗ, ಊರಿನವರೇ ನೆರವಾಗುತ್ತಾರೆ. ಪೋಷಕರು ಹಾಕಿದ ಸಾವಿರ ರೂಪಾಯಿಯಾಗಲಿ, ಹಳೆಯ ವಿದ್ಯಾರ್ಥಿಯೊಬ್ಬನು ಮಾಡಿಕೊಟ್ಟ ಎರಡು ಸ್ಟೂಲುಗಳಾಗಲಿ ಅರ್ಜಿಯಲ್ಲಿ ಕಾಣಿಸಿಕೊಂಡರೆ, ಕೆಲಸವು ಆಗಲೇ ಮೊದಲಾಗಿದೆಯೆಂಬ ನಂಬಿಕೆ ಕೊಡುವವನಿಗೆ ಹುಟ್ಟುತ್ತದೆ.

ಎಷ್ಟು ಕೇಳಬೇಕೆಂಬುದು ಇನ್ನೊಂದು ವಿಚಾರ. ದೊಡ್ಡ ಪಟ್ಟಿಯನ್ನು ಬರೆದರೆ ಅರ್ಧವಾದರೂ ಸಿಕ್ಕೀತೆಂಬ ಎಣಿಕೆಯು ಸರಿಯಲ್ಲ. ಆ ಅರ್ಧದಲ್ಲಿ ಯಾವುದನ್ನು ಉಳಿಸಬೇಕೆಂಬುದನ್ನು ಕಲಿಸದವರು ನಿರ್ಣಯಿಸುವ ಸ್ಥಿತಿ ಬರುತ್ತದೆ. ಅಗ್ಗದ ಸಾಮಗ್ರಿಯಿಂದ ಉತ್ಕೃಷ್ಟವಾದ ವಿಜ್ಞಾನವನ್ನು ಕಲಿಸಬಹುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಮೇಲ್ಪಂಕ್ತಿಯುಂಟು. ಮಧ್ಯಪ್ರದೇಶದ ಆಗಿನ ಹೋಶಂಗಾಬಾದ್ ಜಿಲ್ಲೆಯ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ಮೊದಲಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು, ಹಳ್ಳಿಯ ಮಕ್ಕಳೇ ಕೈಯಾರೆ ಪ್ರಯೋಗ ಮಾಡಿ ತೀರ್ಮಾನಕ್ಕೆ ಬರುವಂತೆ ಅಗ್ಗದ ಕಿಟ್ಟುಗಳನ್ನು ರೂಪಿಸಿ, ಮುಂದೆ ಏಕಲವ್ಯ ಸಂಸ್ಥೆಯ ಆಶ್ರಯದಲ್ಲಿ ಬೆಳೆದು, 2002ರವರೆಗೆ ನಡೆಯಿತು. ಈಚೆಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ಕಾಗದವನ್ನು ಮಡಿಸಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಸೂಕ್ಷ್ಮದರ್ಶಕವನ್ನು ನಿರ್ಮಿಸಿದ್ದಾರೆ. ಅದು ವಸ್ತುವನ್ನು ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಜೇಬಿನಲ್ಲಿ ಹಿಡಿಸುತ್ತದೆ, ಕೆಳಗೆ ಬಿದ್ದರೆ ಒಡೆಯುವುದಿಲ್ಲ. ಹತ್ತು ಲೋಹದ ಸೂಕ್ಷ್ಮದರ್ಶಕಗಳಿಗೆ ಬದಲಾಗಿ ಎರಡು ಲೋಹದವು, ಮೂವತ್ತು ಕಾಗದದವು ಎಂದು ಕೇಳಿದರೆ ಮೊತ್ತವು ಇಳಿಯುವುದಲ್ಲದೆ, ಮಗುವು ಅದನ್ನು ಮನೆಗೆ ಒಯ್ದು ಕೆರೆಯ ನೀರನ್ನು ನೋಡುವುದಕ್ಕೂ ಅವಕಾಶವಾಗುತ್ತದೆ.

ಕೊಡುಗೆ ಬಂದ ಮೇಲಿನ ವರ್ಷಗಳ ವೆಚ್ಚವನ್ನು ಅರ್ಜಿಯಲ್ಲಿಯೇ ಕಾಣಿಸುವುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಹಿಂದಿನವರು ಮರೆತಿರಲಿಲ್ಲ. ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ 945ರಲ್ಲಿ ಸಂದ ದಾನಗಳನ್ನು ಅಲ್ಲಿಯ ಶಾಸನವು ಹೇಳುತ್ತದೆ. ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ಉಪಾಧ್ಯಾಯನ ಜೀವನಕ್ಕೆ ಭೂಮಿ, ಇವಲ್ಲದೆ ದೀಪದ ವೆಚ್ಚಕ್ಕೆಂದೇ ಬೇರೆಯಾಗಿ 12 ನಿವರ್ತನ ಭೂಮಿ. ಊರಿನಲ್ಲಿ ಮದುವೆಯಾದರೆ ಇಷ್ಟು, ಉಪನಯನವಾದರೆ ಇಷ್ಟು ಎಂದು ಪ್ರತಿವರ್ಷವೂ ಹರಿದುಬರುವ ಹಣದ ಏರ್ಪಾಡು. ಕಟ್ಟಡವನ್ನು ಕಟ್ಟಿದವನಿಗೆ ಎಣ್ಣೆ ತೀರುತ್ತದೆಂಬುದರ ಅರಿವಿತ್ತು. ನಮ್ಮ ಪ್ರಯೋಗಶಾಲೆಯಲ್ಲಿಯೂ ತೀರುವ ವಸ್ತುಗಳೇ ಹೆಚ್ಚು: ಆಮ್ಲ, ಲಿಟ್ಮಸ್ ಕಾಗದ, ಸ್ಪಿರಿಟ್ಟು, ಬ್ಯಾಟರಿ, ಕವರ್‌ಸ್ಲಿಪ್ಪು, ನೈಕ್ರೋಮ್ ತಂತಿ. ಇವಿಲ್ಲದೆ ಆಮ್ಮೀಟರು ಎಷ್ಟು ಬೆಲೆಯದಾದರೂ ಮುಳ್ಳು ಅಲುಗದು. ಆದ್ದರಿಂದ ಕೇಳುವ ಮೊತ್ತವನ್ನು ಒಂದೇ ವರ್ಷಕ್ಕೆ ಮುಗಿಸದೆ, ಮೂರು ವರ್ಷದ ಬಳಕೆಯ ಸಾಮಗ್ರಿಯನ್ನು ಬೇರೆ ಶೀರ್ಷಿಕೆಯಲ್ಲಿ ತೋರಿಸುವುದು ಉಚಿತ.

ಹಣ ಬಂದ ನಂತರದ ಕರ್ತವ್ಯಗಳು ಸರಳ, ಆದರೆ ತಪ್ಪಬಾರದವು. ಓಚರುಗಳನ್ನು ಜೋಡಿಸಿಡಬೇಕು, ಹಣ ಬಳಕೆಯ ಪ್ರಮಾಣಪತ್ರವನ್ನು ಕೇಳುವ ಮೊದಲೇ ಕಳುಹಿಸಬೇಕು, ಅದರೊಡನೆ ಮಕ್ಕಳು ಬರೆದ ಈರುಳ್ಳಿ ಕೋಶದ ನಾಲ್ಕು ಚಿತ್ರಗಳನ್ನೋ ಧ್ವಜಸ್ತಂಭದ ಅಳತೆಯ ಒಂದು ಹಾಳೆಯನ್ನೋ ಇಡಬೇಕು. ಮೂರು ಗುಂಪುಗಳು ಅಳೆದ ಒಂದೇ ಸ್ತಂಭಕ್ಕೆ ಮೂರು ಬೇರೆ ಎತ್ತರಗಳು ಬಂದಿದ್ದರೆ ಅದನ್ನೂ ಮುಚ್ಚಿಡದೆ, ಏಕೆ ಬಂದಿತೆಂಬುದನ್ನು ಕುರಿತು ತರಗತಿಯಲ್ಲಿ ನಡೆದ ಚರ್ಚೆಯನ್ನು ಬರೆದು ಕಳುಹಿಸಿದರೆ, ಉದ್ಘಾಟನೆಯ ಹಾರತುರಾಯಿಗಳ ಛಾಯಾಚಿತ್ರಕ್ಕಿಂತ ಅದು ಹೆಚ್ಚು ಬೆಲೆಯುಳ್ಳ ವರದಿಯಾಗುತ್ತದೆ.

ಕಡೆಯದಾಗಿ, ಇಲಾಖೆಯ ಅಧಿಕಾರಿಗಳಲ್ಲಿ ಒಂದು ನಿವೇದನೆಯುಂಟು. ಎಷ್ಟೋ ಶಾಲೆಗಳಲ್ಲಿ ಗಾಜಿನ ಸಾಮಾನುಗಳು ಬೀರುವಿನಿಂದ ಹೊರಗೆ ಬಾರದಿರುವುದಕ್ಕೆ ಉಪಾಧ್ಯಾಯರ ಉದಾಸೀನವು ಕಾರಣವಲ್ಲ, ಭಯವು ಕಾರಣ. ದಾಸ್ತಾನು ವಹಿಯಲ್ಲಿ ಇಪ್ಪತ್ತು ಬೀಕರುಗಳೆಂದು ಬರೆದಿದ್ದು ಲೆಕ್ಕತನಿಖೆಯ ದಿನ ಹದಿನಾರೇ ಇದ್ದರೆ, ಉಳಿದ ನಾಲ್ಕರ ಬೆಲೆಯನ್ನು ತಮ್ಮ ಸಂಬಳದಿಂದ ತುಂಬಬೇಕಾದೀತೆಂದು ಅಂಜಿದವರು ಬೀಗವನ್ನು ತೆಗೆಯುವುದಾದರೂ ಹೇಗೆ? ಮಕ್ಕಳ ಕೈಗೆ ಕೊಟ್ಟ ಗಾಜು ಒಡೆಯುತ್ತದೆ; ಒಡೆಯದ ಪ್ರಯೋಗಶಾಲೆಯು ಬಳಸದ ಪ್ರಯೋಗಶಾಲೆಯೆಂದೇ ತನಿಖೆಗೆ ಬಂದವರು ತಿಳಿಯಬೇಕು. ಪ್ರತಿವರ್ಷದ ಕೊನೆಯಲ್ಲಿ ಸಮಿತಿಯ ಮುಂದೆ ಒಡೆದ ವಸ್ತುಗಳ ಪಟ್ಟಿಯನ್ನಿಟ್ಟು, ಯಾವ ಪ್ರಯೋಗದಲ್ಲಿ ಒಡೆಯಿತೆಂಬುದನ್ನು ನಮೂದಿಸಿ, ನಡಾವಳಿಯ ಮೂಲಕ ವಹಿಯಿಂದ ಕಳೆಯುವುದಕ್ಕೆ ಸ್ಪಷ್ಟವಾದ ಅನುಮತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳು ಬರವಣಿಗೆಯಲ್ಲಿ ಕೊಡಲಿ. ಅರ್ಜಿ ಬರೆಯುವ ಉಪಾಧ್ಯಾಯರೂ, ಗಾಜಿನ ಸಾಮಾನುಗಳ ಬೆಲೆಯ ಹತ್ತರಲ್ಲೊಂದು ಭಾಗವನ್ನು ಒಡೆಯುವಿಕೆಗೆಂದು ಪಟ್ಟಿಯಲ್ಲಿ ನಿಸ್ಸಂಕೋಚವಾಗಿ ಸೇರಿಸಿ, ಅದರ ಮುಂದೆ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಲಿ: ಇವುಗಳನ್ನು ಬಳಸುವವರು ಮಕ್ಕಳು.